ಹುಸಿಮಾಂಸಕ್ಕೆ ನಾನಿಟ್ಟ ದೃಷ್ಟಿಬೊಟ್ಟು

ನಾನು ಮಾಡಿದ ತಪ್ಪಿನ ಗಾತ್ರ ಒಂದು ಸಾಸಿವೆ ಕಾಳಿನಷ್ಟು. ಮಾತಿಗೆ ಹೇಳುತ್ತಿಲ್ಲ, ಆಮೇಲೆ ಅಳತೆಪಟ್ಟಿ ಇಟ್ಟು ಅಳೆದು ನೋಡಿದರು. ಅಷ್ಟು ಸಣ್ಣ ತಪ್ಪಿನಿಂದ ಚೆನ್ನಾಗಿ ಓದಿದವರೊಬ್ಬರು ತಮ್ಮ ಕೆಲಸ ಬಿಟ್ಟು ಐಸ್‌ಕ್ರೀಮ್ ಗೋದಾಮು ಕಾಯಲು ಹೋಗಬೇಕಾಯಿತು. ಇದನ್ನು ಬರೆದಿಡಬೇಕು ಎಂದು ಬಹಳ ದಿನದಿಂದ ಅನ್ನಿಸುತ್ತಿತ್ತು. ನಾನು ಓದಿರುವುದು ಎಸ್ಸೆಸ್ಸೆಲ್ಸಿ. ವಿಜ್ಞಾನದ ಮಾತು ಎಲ್ಲಾದರೂ ತಪ್ಪಿದ್ದರೆ ತಿಳಿದವರು ತಿದ್ದಿಕೊಳ್ಳಲಿ.

ದೊಡ್ಡಬಳ್ಳಾಪುರದ ಮಗ್ಗಗಳ ಸದ್ದಿನಲ್ಲೇ ಬೆಳೆದೆ, ಆದರೆ ನೇಯ್ದವನಲ್ಲ. ಮಗ್ಗಕ್ಕೇರಿಸುವ ಹಾಸಿನ ನೂಲಿಗೆ ಹಚ್ಚುವ ಗಂಜಿ ಕಾಯಿಸುತ್ತಿದ್ದೆ. ಗಂಜಿಯಲ್ಲಿ ಗಂಟಿರಬಾರದು, ಗುಳ್ಳೆ ಇರಬಾರದು, ತಳ ಹಿಡಿಯಬಾರದು. ನನಗೆ ಗೊತ್ತಿರುವ ವಿದ್ಯೆ ಇಷ್ಟೇ. ಗಂಜಿ ಮನೆ ಮುಚ್ಚಿದ ಮೇಲೆ ಎರಡು ವರ್ಷ ಸುಮ್ಮನೆ ಕೂತಿದ್ದೆ. ಆಗ ಊರಾಚೆಯ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ಪ್ರಯೋಗಾಲಯ ಶುರುವಾಯಿತು. ಗುಳ್ಳೆ ಬರದ ಹಾಗೆ ಕಾಯಿಸುವ ಆಳು ಬೇಕು ಎಂದು ಯಾರೋ ಹೇಳಿದರು, ಹೋದೆ. ಅಲ್ಲಿನ ಯಜಮಾನರು, ನಾನು ದೊಡ್ಡ ಸರ್ ಎಂದು ಕರೆಯುತ್ತಿದ್ದವರು, ನನ್ನ ಮುಂದೆ ಒಂದು ಪಾತ್ರೆ, ಒಂದು ಸೌಟು, ಒಂದು ಪೊಟ್ಟಣ ಅಗರ್ ಪುಡಿ ಇಟ್ಟರು. ಹಲ್ವ ಮಾಡುವ ಚೈನಾ ಗ್ರಾಸ್ ಇದೆಯಲ್ಲ, ಅದೇ. ಕಾಯಿಸಿದೆ. ಹೆಪ್ಪುಗಟ್ಟಿದ ಮೇಲೆ ಅದನ್ನು ಬೆಳಕಿಗೆ ಹಿಡಿದು ನೋಡಿ, "ಒಂದೂ ಗುಳ್ಳೆ ಇಲ್ವಲ್ರೀ!" ಎಂದರು. ಬೇರೆ ಏನೂ ಕೇಳಲಿಲ್ಲ.

ಅಲ್ಲಿ ಮಾಡುತ್ತಿದ್ದ ಕೆಲಸವನ್ನು ನಾನು ಮನೆಯಲ್ಲಿ ವಿವರಿಸಲು ಹೋಗಿ ಎಷ್ಟೋ ಸಲ ಸೋತಿದ್ದೇನೆ. ಮೈಯೊಳಗಿನ ಗೆಡ್ಡೆಯನ್ನು ಕೊಯ್ಯದೆ ನೋಡಬೇಕು. ಅದಕ್ಕೆ ಅವರು ಮೈಮೇಲೆ ಲೇಸರ್ ಬೆಳಕು ಹೊಡೆದು ಕಿವಿಗೊಟ್ಟು ಕೇಳುತ್ತಾರೆ. ದೊಡ್ಡ ಸರ್ ನನಗೆ ಹೇಳಿದ್ದು ಹೀಗೆ: ಬೆಳಿಗ್ಗೆ ಬಿಸಿಲು ಬಿದ್ದ ತಕ್ಷಣ ಮೇಲಿನ ತಗಡಿನ ಶೀಟು ಹಿಗ್ಗಿ 'ಟಕ್' ಅನ್ನುವುದಿಲ್ಲವೇ? ಮೈಯೊಳಗಿನ ರಕ್ತ, ಮಾಂಸ ಕೂಡ ಬೆಳಕು ಬಿದ್ದರೆ ಹಾಗೆ ಅನ್ನುತ್ತವೆ. ನಮಗೆ ಕೇಳುವುದಿಲ್ಲ, ಯಂತ್ರಕ್ಕೆ ಕೇಳುತ್ತದೆ. ಕೇಳಿದ್ದನ್ನು ಚಿತ್ರವಾಗಿ ಬರೆಯುತ್ತದೆ. ಆದರೆ ಗೆಡ್ಡೆಯ ಸದ್ದು ಬಹಳ ಮೆಲ್ಲಗೆ. ಹಾಗಾಗಿ ಅದರ ಬಳಿ ಜೋರಾಗಿ ಕೂಗುವವರನ್ನು ಕಳಿಸಬೇಕು. ಆ ಕೂಗುವವರೇ ಹನಿಗಳು. ಕಣ್ಣಿಗೆ ಕಾಣದಷ್ಟು ಸಣ್ಣ ದ್ರವದ ಹನಿ, ಅದರ ಹೊಟ್ಟೆಯೊಳಗೆ ಇನ್ನೂ ಸಣ್ಣ ಚಿನ್ನದ ಕಣ. ಬೆಳಕು ಬಿದ್ದರೆ ಚಿನ್ನ ಕಾಯುತ್ತದೆ, ಹನಿ ಆವಿಯಾಗಿ ಒಗ್ಗರಣೆಯ ಸಾಸಿವೆಯಂತೆ ಸಿಡಿಯುತ್ತದೆ. ಆ ಸಿಡಿತ ಯಂತ್ರಕ್ಕೆ ಚೆನ್ನಾಗಿ ಕೇಳುತ್ತದೆ.

"ಚಿನ್ನ ಅಂತೀರ, ಒಂದ್ ಹನಿ ಜೇಬಲ್ಲಿ ಹಾಕ್ಕೊಂಡ್ ಬರಕ್ಕಾಗಲ್ವ?" ಎಂದಳು ನನ್ನ ಹೆಂಡತಿ.

"ಕಾಫಿ ಡಿಕಾಕ್ಷನ್ ಥರ ಇರತ್ತೆ ಕಣೇ. ಹಳದೀನೇ ಅಲ್ಲ."

"ಹಂಗಾದ್ರೆ ನಿಮಗೆ ಟೋಪಿ ಹಾಕಿದಾರೆ."

ಹನಿಯನ್ನು ಮನುಷ್ಯರ ಮೇಲೆ ಪ್ರಯೋಗ ಮಾಡುವ ದಿನ ಬಹಳ ದೂರವಿತ್ತು. ಮೊದಲು ಹುಸಿಮಾಂಸದ ಮೇಲೆ ನೋಡುತ್ತಿದ್ದರು. ಆ ಹುಸಿಮಾಂಸ ಮಾಡುವವನು ನಾನು. ಅಗರ್ ಕಾಯಿಸಿ, ಮಾಂಸದಷ್ಟು ಮಬ್ಬಾಗಲೆಂದು ಹಾಲು ಬೆರೆಸಿ, ಡಬ್ಬಿಗೆ ಅರ್ಧ ಸುರಿದು, ರಕ್ತನಾಳದ ಲೆಕ್ಕಕ್ಕೆ ಒಂದು ತೆಳು ಪ್ಲಾಸ್ಟಿಕ್ ನಳಿಗೆ ಅಡ್ಡಲಾಗಿಟ್ಟು, ಉಳಿದರ್ಧ ಸುರಿಯಬೇಕು. ಗಟ್ಟಿಯಾದ ಮೇಲೆ ಬೆಳ್ಳಗೆ, ನುಣ್ಣಗೆ, ಮುಟ್ಟಿದರೆ ನಡುಗುವ ಒಂದು ಇಟ್ಟಿಗೆ. ಆ ನಳಿಗೆಯೊಳಗೆ ಹನಿ ಬಿಟ್ಟು, ಎಲ್ಲರೂ ಕಪ್ಪು ಕನ್ನಡಕ ಹಾಕಿಕೊಂಡು, ಬಾಗಿಲ ಮೇಲೆ ಕೆಂಪು ದೀಪ ಹಚ್ಚಿ, ಹಾಲಿನ ಇಟ್ಟಿಗೆ ಏನು ಹೇಳುತ್ತದೆ ಎಂದು ಕಾಯುತ್ತಿದ್ದರು. ನನಗೆ ಮೊದಮೊದಲು ನಗು ತಡೆಯಲಾಗುತ್ತಿರಲಿಲ್ಲ.

ಹನಿ ಮಾಡುವವರು ಇಬ್ಬರು. ಒಬ್ಬರು ಮೇಡಂ. ಇನ್ನೊಬ್ಬರು ಮೂವತ್ತು ದಾಟಿದ ಒಬ್ಬ ಎಂಟೆಕ್ ಓದಿದವರು, ನಮ್ಮೂರಿನವರೇ. ಬಸ್ ನಿಲ್ದಾಣದ ಹತ್ತಿರ ಅವರ ತಂದೆಯ ಹಾರ್ಡ್‌ವೇರ್ ಅಂಗಡಿ, ಮನೆಯಲ್ಲಿ ದಖನಿ ಮಾತು. ಅವರನ್ನು ಚಿಕ್ಕ ಸರ್ ಎನ್ನುತ್ತಿದ್ದೆ. ಚಿನ್ನವನ್ನು ಹನಿಯೊಳಗೆ ಸೇರಿಸುವ ರೀತಿ ಇಬ್ಬರದೂ ಬೇರೆ. ಯಾರ ಹನಿ ಜೋರಾಗಿ ಕೂಗುತ್ತದೋ ಅವರ ರೀತಿಯನ್ನೇ ಮುಂದುವರಿಸುವುದು, ಇನ್ನೊಂದನ್ನು ಬಿಡುವುದು ಎಂದು ದೊಡ್ಡ ಸರ್ ತೀರ್ಮಾನಿಸಿದ್ದರು. ಮೇಡಂಗೆ ಮಾಡುವ ಹುಸಿಮಾಂಸ ನೀಲಿ ಮುಚ್ಚಳದ ಡಬ್ಬಿಯಲ್ಲಿ, ಚಿಕ್ಕ ಸರ್‌ಗೆ ಬಿಳಿ ಮುಚ್ಚಳದ್ದು.

ಮೇಡಂಗೆ ನನ್ನ ಕೆಲಸ ಕಂಡರೆ ಬಹಳ ಇಷ್ಟ. ಡಬ್ಬಿ ಬೋರಲು ಹಾಕಿ ಇಟ್ಟಿಗೆ ತಟ್ಟೆಗೆ ಜಾರಿದ ಕೂಡಲೇ, "ಅಯ್ಯೋ ತಾತ, ಎಷ್ಟ್ ಮುದ್ದಾಗಿದೆ! ಒಳ್ಳೆ ಮಗು ಕೆನ್ನೆ ಇದ್ದಂಗಿದೆ!" ಎನ್ನುತ್ತಿದ್ದರು. ಹಾಗೆಂದ ಅರ್ಧ ಗಂಟೆಯೊಳಗೆ ಅದು ಮಧ್ಯಕ್ಕೆ ಬಿರುಕು ಬಿಡುತ್ತಿತ್ತು. ಒಂದು ಸಲವಲ್ಲ, ಸತತ ನಾಲ್ಕು ಸಲ.

ಚಿಕ್ಕ ಸರ್ ಒಂದು ದಿನವೂ ಹೊಗಳಿದವರಲ್ಲ. ಇಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಇಲ್ಲೊಂದು ಗುಳ್ಳೆ ತಾತ," ಎನ್ನುತ್ತಿದ್ದರು. ಅವರ ಕೈಯಲ್ಲಿ ಒಂದೂ ಬಿರುಕು ಬಿಡಲಿಲ್ಲ.

ಐದನೆಯದು ಬಿರುಕು ಬಿಟ್ಟ ದಿನ ಮೇಡಂ, ತಮ್ಮ ಇಟ್ಟಿಗೆ ಇಡುವ ಫ್ರಿಜ್ಜಿನ ತಂಪು ಹೆಚ್ಚಾಗಿರಬೇಕು ಎಂದರು. ನಾನು ಹಾಗೆ ಯೋಚಿಸಲಿಲ್ಲ. ಪಾಪ, ಒಳ್ಳೆಯ ಹೆಣ್ಣುಮಗಳು, ಆದರೆ ಕಣ್ಣು ಬಲವಾದದ್ದು ಎಂದುಕೊಂಡೆ. ಮನೆಗೆ ಬಂದು ಹೆಂಡತಿಯ ಕಾಡಿಗೆ ಡಬ್ಬಿ ಕೇಳಿದೆ. ಅವಳು ಅಂಗಡಿಯದು ತರುವುದಿಲ್ಲ. ಹರಳೆಣ್ಣೆ ದೀಪದ ಮೇಲೆ ಹಿತ್ತಾಳೆ ತಟ್ಟೆ ಬೋರಲು ಹಾಕಿ, ಹತ್ತಿದ ಮಸಿಯನ್ನು ಕೆರೆದು, ಮತ್ತೆ ಹರಳೆಣ್ಣೆಯಲ್ಲೇ ಕಲಸಿಡುತ್ತಾಳೆ. ಕೇರಿಯ ಹಸುಗೂಸುಗಳಿಗೆಲ್ಲ ಅದೇ ಬೊಟ್ಟು.

"ಯಾವ್ ಮಗೂಗೆ?" ಎಂದಳು.

"ಆಫೀಸಿಂದು," ಎಂದೆ.

ಮಾರನೆಯ ದಿನ ನೀಲಿ ಮುಚ್ಚಳದ ಡಬ್ಬಿಗೆ ಅರ್ಧ ಸುರಿದು, ನಳಿಗೆ ಇಡುವ ಮೊದಲು ಅದರ ಅಡಿಗೆ ಬೆರಳ ತುದಿಯಿಂದ ಒಂದು ಬೊಟ್ಟು ಒತ್ತಿದೆ. ಹಾಲು ಬೆರೆಸಿದ ಅಗರ್ ಸುರಿದ ಮೇಲೆ ಏನೂ ಕಾಣಲಿಲ್ಲ. ಮೇಡಂ ಬಂದು ಬಾಯ್ತುಂಬ ಹೊಗಳಿದರು. ಇಟ್ಟಿಗೆ ಬಿರುಕು ಬಿಡಲಿಲ್ಲ. ಸಂಜೆಯವರೆಗೆ ಕಾದೆ, ಬಿಡಲಿಲ್ಲ. ಅಲ್ಲಿಗೆ ನನಗೆ ಸಾಕ್ಷಿ ಸಿಕ್ಕಂತಾಯಿತು. ಅವತ್ತಿನಿಂದ ನೀಲಿ ಮುಚ್ಚಳದ ಒಂದೊಂದು ಇಟ್ಟಿಗೆಗೂ ಬೊಟ್ಟಿಡತೊಡಗಿದೆ. ಅದೇ ವಾರ ಆ ಫ್ರಿಜ್ಜನ್ನೂ ರಿಪೇರಿ ಮಾಡಿಸಿದ್ದರು ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಬಿಳಿ ಮುಚ್ಚಳದ್ದಕ್ಕೂ ಒಂದು ಬೊಟ್ಟು ಇಡಬಹುದಿತ್ತು. ಇಡಲಿಲ್ಲ. ಗುಳ್ಳೆ ಹುಡುಕುವವರ ಇಟ್ಟಿಗೆಗೆ ಯಾರ ಕಣ್ಣು ಬಿದ್ದೀತು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಮೂವತ್ತೈದು ವರ್ಷ ಗಂಜಿ ಕಾಯಿಸಿದವನ ಕೆಲಸದಲ್ಲಿ ಗುಳ್ಳೆ ತೋರಿಸುವವರಿಗೆ ನನ್ನ ಹೆಂಡತಿಯ ಕಾಡಿಗೆ ಯಾಕೆ ಎಂಬ ಸಿಟ್ಟೂ ಇತ್ತು.

ಆ ವಾರದಿಂದ ಮೇಡಂ ಹನಿಗಳು ಕೂಗತೊಡಗಿದವು. ಪರದೆಯ ಮೇಲೆ, ನಳಿಗೆ ಇರುವ ಜಾಗದಲ್ಲೇ, ದೊಡ್ಡ ಬೆಳ್ಳನೆಯ ಚುಕ್ಕೆ. ಚಿಕ್ಕ ಸರ್ ಹನಿಗಳದ್ದು ಅದರ ಮುಂದೆ ಮಿಣುಕುಹುಳ. ದೊಡ್ಡ ಸರ್ ಕನ್ನಡಕ ತೆಗೆಯುವುದನ್ನೂ ಮರೆತು ಕುಣಿದರು.

"ನೋಡ್ರಿ, ಎಷ್ಟ್ ಸಲ ಹೊಡೆದ್ರೂ ಸುಸ್ತೇ ಆಗ್ತಿಲ್ಲ!"

ಚಿಕ್ಕ ಸರ್ ಒಬ್ಬರೇ ಕೈಕಟ್ಟಿ ನಿಂತಿದ್ದರು. "ಸರ್, ಅದೇ ನನಗೆ ಅನುಮಾನ. ಹನಿ ಒಂದ್ಸಲ ಸಿಡಿದ್ಮೇಲೆ ಮುಗೀತು. ಸಿಡಿದ ಸಾಸಿವೆ ಮತ್ತೆ ಸಿಡಿಯತ್ತಾ? ಅದೇ ಪೀಸಲ್ಲಿ ಮೊದ್ಲು ಬರೀ ನೀರು ಬಿಟ್ಟು ನೋಡಿ."

"ನೀರಿಂದು ನೋಡಿದೀವಲ್ಲಪ್ಪ, ಏನೂ ಬಂದಿಲ್ಲ."

ನೋಡಿದ್ದು ನಿಜ. ಆದರೆ ಅದು ಇಬ್ಬರಿಗೂ ಸೇರಿ ಮೊದಲೇ ಮಾಡಿಟ್ಟಿದ್ದ ಬೇರೆ ಇಟ್ಟಿಗೆ. ಅದಕ್ಕೆ ಬೊಟ್ಟಿರಲಿಲ್ಲ.

"ಹೊಟ್ಟೆಕಿಚ್ಚು ಬೇಡ ಗುರು," ಎಂದರು ದೊಡ್ಡ ಸರ್. ನಗುತ್ತಲೇ ಅಂದರು. ಚಿಕ್ಕ ಸರ್ ನಗಲಿಲ್ಲ. ಅವತ್ತಿನಿಂದ ಅವರು ತಮ್ಮ ಲೆಕ್ಕವನ್ನೇ ತಿರುಗಿ ತಿರುಗಿ ನೋಡುತ್ತ ಕೂತರು. ಊಟದ ಡಬ್ಬಿ ತೆರೆದಿಟ್ಟು, ತಿನ್ನದೆ, ಕಾಗದ ನೋಡುತ್ತಿದ್ದರು. ಎರಡು ತಿಂಗಳಾದ ಮೇಲೆ ಒಂದು ದಿನ ಬಂದು, ತಮ್ಮ ಕಪ್ಪು ಕನ್ನಡಕವನ್ನು ಮೊಳೆಗೆ ನೇತುಹಾಕಿ, "ನನ್ನ ದಾರಿ ತಪ್ಪಿತ್ತು ಸರ್," ಎಂದು ಹೇಳಿ ಹೋದರು. ನನಗೂ ನಮಸ್ಕಾರ ಮಾಡಿದರು. ನಾನು ಪಾತ್ರೆ ಉಜ್ಜುತ್ತಿದ್ದೆ.

ಆಮೇಲೆ ಮೇಡಂ ತಮ್ಮ ಕೆಲಸದ ಬಗ್ಗೆ ಒಂದು ಲೇಖನ ಬರೆದು ವಿಜ್ಞಾನ ಪತ್ರಿಕೆಗೆ ಕಳಿಸಲು ಸಿದ್ಧ ಮಾಡಿದರು. ಅದರ ಕೊನೆಯಲ್ಲಿ, ಹುಸಿಮಾಂಸ ಮಾಡಿಕೊಟ್ಟವನೆಂದು ನನಗೂ ಒಂದು ಸಾಲು ಧನ್ಯವಾದ ಹಾಕಿದ್ದರು. ಆ ಹಾಳೆಯ ಜೆರಾಕ್ಸ್ ತೆಗೆಸಿ ಆವತಿಯಲ್ಲಿರುವ ಹೆಂಡತಿಯ ತಮ್ಮನವರೆಗೂ ತೋರಿಸಿ ಬಂದೆ. ಇಂಗ್ಲಿಷಿನಲ್ಲಿ ನನ್ನ ಹೆಸರು ಅಚ್ಚಾಗಿದ್ದು ಜೀವಮಾನದಲ್ಲಿ ಅದೇ ಮೊದಲು.

ಗೊತ್ತಾಗಿದ್ದು ಒಂದು ಮಧ್ಯಾಹ್ನ. ಯಂತ್ರ ಸರಿಯಾಗಿ ಕೇಳುತ್ತಿದೆಯೇ ಎಂದು ಪರೀಕ್ಷಿಸಲು ಮೇಡಂ ಒಂದು ಪೆನ್ಸಿಲ್ ಕಡ್ಡಿಯನ್ನು ಅಗರ್‌ನಲ್ಲಿ ಹೂತಿಟ್ಟರು. ಪರದೆಯ ಮೇಲೆ ದೊಡ್ಡ ಬೆಳ್ಳನೆಯ ಗೆರೆ ಬಂತು.

"ಇದರೊಳಗೆ ಚಿನ್ನ ಇಲ್ವಲ್ಲಮ್ಮ?" ಎಂದೆ.

"ಕಪ್ಪು ಇದ್ರೆ ಸಾಕು ತಾತ. ಕಪ್ಪು ಬೆಳಕನ್ನ ಪೂರ್ತಿ ಕುಡಿದ್ಬಿಡತ್ತೆ. ಮಸಿ, ಇದ್ದಿಲು ಇಂಥದ್ದಂತೂ ಕಿರುಚಾಡತ್ವೆ. ಅವು ಸಿಡಿದು ಮುಗಿಯೋದೂ ಇಲ್ಲ."

ನನ್ನ ಬೆರಳ ತುದಿಯಲ್ಲಿ ಅವತ್ತು ಬೆಳಿಗ್ಗೆ ಇಟ್ಟ ಬೊಟ್ಟಿನ ಕಪ್ಪು ಇನ್ನೂ ಹಾಗೇ ಇತ್ತು. ಕೈಯನ್ನು ಪಂಚೆಯೊಳಗೆ ಮರೆಮಾಡಿದೆ.

ಅವತ್ತೇ ಹೇಳಬೇಕಿತ್ತು. ಹೇಳಲಿಲ್ಲ. ಮೂರು ವಾರ ಸುಮ್ಮನಿದ್ದೆ. ಜೆರಾಕ್ಸ್ ಹಾಳೆಯನ್ನು ನೋಡಿದವರ ಮುಖಗಳು ಕಣ್ಣಮುಂದೆ ಬರುತ್ತಿದ್ದವು. ಇನ್ನೂ ನಾಚಿಕೆಗೇಡಿನ ಮಾತು ಎಂದರೆ, ಆ ಮೂರು ವಾರವೂ ಬೊಟ್ಟು ಇಡುತ್ತಲೇ ಇದ್ದೆ. ಬಿಟ್ಟರೆ ಚುಕ್ಕೆ ಮಾಯವಾಗಿ ಗೊತ್ತಾಗಿಬಿಡುತ್ತದಲ್ಲ! ಮೊದಲು ಇಟ್ಟಿದ್ದು ಮೌಢ್ಯದಿಂದ, ಆಮೇಲೆ ಇಟ್ಟಿದ್ದು ಮೋಸದಿಂದ. ಬೊಟ್ಟು ಮಾತ್ರ ಅಷ್ಟೇ ಗಾತ್ರ.

ಒಂದು ಶನಿವಾರ ದೊಡ್ಡ ಸರ್ ಕರೆದು, "ಸೋಮವಾರ ಆ ಫ್ರಿಜ್ ಖಾಲಿ ಮಾಡ್ಬಿಡಿ. ಹಳೇ ಬಾಟ್ಲಿಗಳೆಲ್ಲ ಚೆಲ್ಲಿ," ಎಂದರು. ನೋಡಿದೆ. ಚಿಕ್ಕ ಸರ್ ಬಾಟಲಿಗಳು. ಎರಡು ವರ್ಷದ ಹನಿಗಳು, ಒಂದೊಂದರ ಮೇಲೂ ಅವರ ಸಣ್ಣ ಅಕ್ಷರ. ಅವನ್ನು ಚೆಲ್ಲಬೇಕಾದವನು ನಾನು.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸದೆ ಕೇಳಿದಳು.

"ನನ್ನ ಕಾಡಿಗೆ ಯಾರಿಗೂ ಕೆಟ್ಟದ್ ಮಾಡಿಲ್ಲ. ಮಾಡಿದ್ದು ನಿಮ್ ಬೆರಳು. ಅವರ ಮನೆ ಗೊತ್ತಲ್ವಾ? ಹೋಗಿ ಹೇಳ್ಬಿಟ್ ಬನ್ನಿ."

ಭಾನುವಾರ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಮಗ ನೆಲಮಂಗಲದ ಗೋದಾಮಿನಲ್ಲಿದ್ದಾನೆ, ಭಾನುವಾರವೂ ಕೆಲಸ ಎಂದರು ತಂದೆ. ಬಸ್ಸು ಹತ್ತಿದೆ. ನೆಲಮಂಗಲದಲ್ಲಿ ಇಳಿದು ಲಾರಿಗಳ ಸಾಲಿನ ಪಕ್ಕದಲ್ಲೇ ನಡೆದೆ. ಉರಿಬಿಸಿಲು. ಗೋದಾಮಿನ ಗೇಟಿನಲ್ಲಿ ಹೇಳಿ ಕಳಿಸಿದ ಮೇಲೆ ಚಿಕ್ಕ ಸರ್ ಹೊರಗೆ ಬಂದರು. ಮೈಮೇಲೆ ಹಿಮಾಲಯಕ್ಕೆ ಹೊರಟವರ ಹಾಗೆ ದಪ್ಪ ಜಾಕೆಟ್ಟು, ಕಿವಿ ಮುಚ್ಚುವ ಟೋಪಿ, ಹುಬ್ಬಿನ ಮೇಲೆ ಸಣ್ಣಗೆ ಹಿಮ. ಒಳಗೆ ಐಸ್‌ಕ್ರೀಮಿನ ತಂಪು ಏರದಂತೆ, ಇಳಿಯದಂತೆ ನೋಡಿಕೊಳ್ಳುವುದು ಅವರ ಕೆಲಸ.

"ಅರೆ ತಾತ! ಇಲ್ಲೆಲ್ಲಿ ಬಂದ್ಬಿಟ್ರಿ?"

ಬೊಟ್ಟಿನ ವಿಷಯ ಮೊದಲಿಂದ ಕೊನೆಯವರೆಗೆ ಹೇಳಿದೆ. ಅವರು ಟೋಪಿ ತೆಗೆದರು. ಹುಬ್ಬಿನ ಹಿಮ ಕರಗಿ ಕೆನ್ನೆಗಿಳಿಯಿತು. ಅಳುತ್ತಿದ್ದಾರೇನೋ ಎಂದು ಹೆದರಿದೆ. ಆದರೆ ಅವರು ನಗತೊಡಗಿದರು. ಗೇಟಿನ ಕಾವಲುಗಾರನೂ ನೋಡುವಷ್ಟು ನಕ್ಕರು.

"ಕಾಡಿಗೆ! ಯಾ ಅಲ್ಲಾ! ಎರಡು ತಿಂಗಳು ಒಂದು ಕಾಡಿಗೆ ಬೊಟ್ಟಿನ ಜೊತೆ ಸ್ಪರ್ಧೆ ಮಾಡಿದೀನಿ ನಾನು!"

ಕಾಲಿಗೆ ಬೀಳಲು ಬಗ್ಗಿದೆ. ಭುಜ ಹಿಡಿದು ತಡೆದರು. "ನಕ್ಕೋ ತಾತ, ಅದೆಲ್ಲ ಬೇಡ." ಅಷ್ಟರಲ್ಲಿ ನಗು ನಿಂತಿತ್ತು. "ನನಗ್ಯಾಕೆ ಇಡ್ಲಿಲ್ಲ? ನನ್ನ ಪೀಸಿಗೂ ಇಟ್ಟಿದ್ರೆ ಇಬ್ರದ್ದೂ ಒಂದೇ ಥರ ಬಂದು ಅವತ್ತೇ ಗೊತ್ತಾಗ್ತಿತ್ತು."

"ನೀವು ಗುಳ್ಳೆ ತೋರಿಸ್ತಿದ್ರಿ," ಎಂದೆ.

ಅವರು ಟೋಪಿಯ ಹಿಮ ಕೊಡವಿದರು. "ಗುಳ್ಳೆ ಇತ್ತು ತಾತ," ಎಂದರು. "ಅವ್ರಿಗೆ ಹೇಳಿದ್ರಾ?"

"ನಾಳೆ ಹೇಳ್ತೀನಿ."

"ಬಾಟ್ಲಿ ಮುಟ್ಬೇಡಿ." ಟೋಪಿ ಹಾಕಿಕೊಂಡು ಒಳಗೆ ಹೋದರು.

ಸೋಮವಾರ ದೊಡ್ಡ ಸರ್ ಮತ್ತು ಮೇಡಂ ಇಬ್ಬರನ್ನೂ ಕೂರಿಸಿ ಹೇಳಿದೆ. ಮೇಡಂ ಅಡುಗೆ ಚಾಕು ತಂದು, ಇಟ್ಟಿದ್ದ ನೀಲಿ ಮುಚ್ಚಳದ ಇಟ್ಟಿಗೆಗಳನ್ನೆಲ್ಲ ಒಂದೊಂದಾಗಿ ಕೊಯ್ದರು. ಒಂದೊಂದರೊಳಗೂ ನಳಿಗೆಯ ಅಡಿಯಲ್ಲಿ ಕಪ್ಪು ಬೊಟ್ಟು ಸಿಕ್ಕಿತು.

"ಒಂದಕ್ಕೂ ಬಿಡ್ಲಿಲ್ವಾ ತಾತ?"

"ಒಂದಕ್ಕೆ ಇಟ್ಟಿಲ್ಲಮ್ಮ. ನಮ್ಮನೆಯವಳು ನಾಮಕರಣಕ್ಕೆ ಆವತಿಗೆ ಹೋಗಿದ್ಲು, ಡಬ್ಬೀನೂ ತಗೊಂಡೋಗಿದ್ಲು."

ಅವರು ಪುಸ್ತಕ ತಿರುಗಿಸಿ ಆ ದಿನ ಹುಡುಕಿದರು. ಅವತ್ತು ಚುಕ್ಕೆ ಬಂದಿರಲಿಲ್ಲ. ಪಕ್ಕದಲ್ಲಿ ಅವರೇ ಬರೆದಿದ್ದರು, ಯಂತ್ರ ಸರಿಯಿಲ್ಲ ಎಂದು. ಪುಸ್ತಕ ಮುಚ್ಚಿ ಅದರ ಮೇಲೆ ತಲೆಯಿಟ್ಟರು.

ನನ್ನನ್ನು ಅಲ್ಲಿಂದಲೇ ಓಡಿಸುತ್ತಾರೆ ಎಂದುಕೊಂಡಿದ್ದೆ. ಆದರೆ ದೊಡ್ಡ ಸರ್ ಕೊಯ್ದ ಇಟ್ಟಿಗೆಯ ಮುಂದೆ ಬಗ್ಗಿ, ಬೊಟ್ಟಿಗೆ ಅಳತೆಪಟ್ಟಿ ಹಿಡಿದಿದ್ದರು. "ಎಣ್ಣೆಯೊಳಗೆ ಮಸಿ ಕಣ... ಇದೂ ಹನಿಯೇ ಅಲ್ವೇನ್ರೀ? ನಾವೂ ಇದನ್ನೇ ತಾನೇ ಮಾಡ್ತಿರೋದು?" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ನನ್ನ ಫೋನಿನಿಂದಲೇ ನನ್ನ ಹೆಂಡತಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಇಟ್ಟರು.

"ಅಮ್ಮಾ, ಕಾಡಿಗೆ ಹೆಂಗ್ ಮಾಡ್ತೀರಿ?"

"ದೀಪದ ಮೇಲೆ ತಟ್ಟೆ ಬೋರಲಾಕೋದು ಕಣಪ್ಪಾ. ಯಾಕೆ, ಮನೇಲಿ ಮಗು ಐತಾ?"

"ಬಿಸಿ ಎಷ್ಟು ಇರ್ಬೇಕು?"

"ದೀಪ ಉರಿಯೋಷ್ಟು."

ದೊಡ್ಡ ಸರ್ ಅದನ್ನು ಬರೆದುಕೊಂಡರು. ಮೇಡಂ ತಲೆಯೆತ್ತಿ, "ಸರ್, ಪ್ಲೀಸ್," ಎಂದರು. ಆಮೇಲೆ ಅವರೇ ಎದ್ದು ಹೋಗಿ ಲೇಖನ ಕಳಿಸುವುದನ್ನು ನಿಲ್ಲಿಸಿದರು. ಚಿಕ್ಕ ಸರ್‌ಗೆ ಫೋನ್ ಮಾಡಿದವರೂ ಅವರೇ. ಬಾಗಿಲು ಹಾಕಿಕೊಂಡು ಮಾತಾಡಿದರು, ಏನು ಹೇಳಿದರೋ ನನಗೆ ಗೊತ್ತಿಲ್ಲ.

ಮುಂದಿನ ರಜೆಯ ದಿನ ಚಿಕ್ಕ ಸರ್ ಬಂದರು. ಮತ್ತೆ ಮೊದಲಿಂದ ನೋಡುವುದೆಂದಾಯಿತು. ದೊಡ್ಡ ಸರ್ ಹೊಸ ನಿಯಮ ಮಾಡಿದ್ದರು: ಪ್ರಯೋಗಾಲಯದಲ್ಲಿ ಯಾರೂ ಹುಸಿಮಾಂಸವನ್ನು ಹೊಗಳಕೂಡದು. ಗೋಡೆಗೆ ಅಂಟಿಸಿಯೂ ಬಿಟ್ಟಿದ್ದರು. ನಾನು ಮೂರು ಸಲ ಸೋಪು ಹಾಕಿ ಕೈ ತೊಳೆದೆ. ಚಿಕ್ಕ ಸರ್ ನನ್ನ ಹತ್ತೂ ಬೆರಳುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು, ಕಿವಿಯ ಹಿಂದೆಯೂ ನೋಡಿದರು. ಮೂವರೂ ಸುತ್ತ ನಿಂತು ನೋಡುತ್ತಿರಲು ಅಗರ್ ಕಾಯಿಸಿದೆ. ಇಟ್ಟಿಗೆ ತಟ್ಟೆಗೆ ಜಾರಿದಾಗ ಮೇಡಂ ಬಾಯಿಯ ಮೇಲೆ ಕೈಯಿಟ್ಟುಕೊಂಡರು.

ಅದೇ ಇಟ್ಟಿಗೆಯಲ್ಲಿ ಮೊದಲು ನೀರು ಬಿಟ್ಟರು. ಏನೂ ಬರಲಿಲ್ಲ. ಆಮೇಲೆ ಮೇಡಂ ಹನಿ. ಮಸುಕಾದ ಚುಕ್ಕೆಯೊಂದು ಮಿನುಗಿ ಆರಿತು. ನಳಿಗೆ ತೊಳೆದು ಚಿಕ್ಕ ಸರ್ ಹನಿ ಬಿಟ್ಟರು, ನಾನು ಚೆಲ್ಲಬೇಕಾಗಿದ್ದ ಬಾಟಲಿಯಿಂದ. ಬೆಳಕು ಹೊಡೆದ ಕೂಡಲೇ ಒಂದು ಚುಕ್ಕೆ ಚುರುಕಾಗಿ ಎದ್ದಿತು, ಎರಡನೆಯ ಹೊಡೆತಕ್ಕೆ ಸಣ್ಣದಾಯಿತು, ಮೂರನೆಯದಕ್ಕೆ ಇಲ್ಲವಾಯಿತು. ಸಿಡಿದು ಮುಗಿದಿತ್ತು. ಕಾಡಿಗೆಯ ಅಬ್ಬರದ ಮುಂದೆ ಅದು ಏನೂ ಅಲ್ಲ. ಆದರೆ ಮೇಡಂ ಹನಿಗಿಂತ ಎರಡರಷ್ಟು ಜೋರು ಎಂದರು ದೊಡ್ಡ ಸರ್. ಮೇಡಂ ತಾವೇ ಕೈ ಚಾಚಿ ಚಿಕ್ಕ ಸರ್ ಕೈ ಕುಲುಕಿದರು.

ಎಲ್ಲರೂ ಹೊರಗೆ ಹೋದ ಮೇಲೆ ಚಿಕ್ಕ ಸರ್ ನನ್ನ ಬಳಿ ನಿಂತರು. ಅವರು ಸಂತೋಷವಾಗಿದ್ದಾರೆ ಎಂದುಕೊಂಡು, "ನೋಡಿ ಸರ್, ನಿಮ್ಮ ಲೆಕ್ಕಾನೇ ಸರಿ," ಎಂದೆ.

"ಹೌದು ತಾತ. ಆದ್ರೆ ಅದು ತಪ್ಪು ಅಂತ ತಿಂಗಳುಗಟ್ಲೆ ನಂಬ್ಕೊಂಡಿದ್ದೆ. ಅಬ್ಬಾಗೂ ಹಂಗೇ ಹೇಳ್ಬಿಟ್ಟಿದ್ದೆ. ಮನೇಲಿ ಎಲ್ರೂ ನಂಬಿದ್ರು. ಈಗ ನಾನ್ ಸರಿ ಅಂದ್ರೂ, ಸೋತೋನ್ನ ನೋಡಿದಂಗೆ ನೋಡೋ ಅವರ ಕಣ್ಣು ಹಂಗೇ ಇರತ್ತೆ." ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. "ನಾನು ವಾಪಸ್ ಬರ್ತೀನಿ. ಆದ್ರೆ ನನ್ನ ಪೀಸ್ ನಾನೇ ಮಾಡ್ಕೋತೀನಿ. ನೀವು ಮುಟ್ಬಾರ್ದು."

"ಆಗ್ಲಿ ಸರ್," ಎಂದೆ.

ಅವರು ಬಂದು ಈಗ ಎಂಟು ತಿಂಗಳು. ಮೇಡಂಗೆ ಇಟ್ಟಿಗೆ ಮಾಡಿಕೊಡುವವನು ಇನ್ನೂ ನಾನೇ. ಅವರು ನನ್ನ ಬೆರಳು ನೋಡುವುದನ್ನು ಬಿಟ್ಟು ಬಹಳ ದಿನವಾಯಿತು. ಚಿಕ್ಕ ಸರ್ ದಿನಾ ಬೆಳಿಗ್ಗೆ ನಮಸ್ಕಾರ ಎನ್ನುತ್ತಾರೆ, ಮನೆಯವರು ಹೇಗಿದ್ದಾರೆ ಎಂದು ಕೇಳುತ್ತಾರೆ, ಆಮೇಲೆ ಪಾತ್ರೆ ತೆಗೆದುಕೊಂಡು ಒಳಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುತ್ತಾರೆ. ನಾನು ಹೊರಗೆ ಸ್ಟೂಲಿನ ಮೇಲೆ ಕೂತಿರುತ್ತೇನೆ. ಸೌಟು ತಿರುಗಿಸುವ ಸದ್ದು ಕೇಳುತ್ತದೆ. ತಳ ಹಿಡಿಯುತ್ತಿದೆ ಎಂದು ಆ ಸದ್ದಿನಲ್ಲೇ ನನಗೆ ಗೊತ್ತಾಗುತ್ತದೆ. ಕರೆದರೆ ಹೋಗೋಣ ಎಂದು ಕಾಯುತ್ತೇನೆ. ಇದುವರೆಗೆ ಕರೆದಿಲ್ಲ.